ಬರ್ಲಿನ್‌ನಲ್ಲಿ ಮೊದಲ ಹತ್ತು ದಿನ ಒಬ್ಬಳೇ ಏನು ಮಾಡಲಿ?

ಪ್ರಶ್ನೆ: ನನಗೆ 23 ವರ್ಷ. ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವಳು. ಎಂಜಿನಿಯರಿಂಗ್ ಓದಿದ್ದೂ ಮನೆಯಿಂದ ಓಡಾಡಿಕೊಂಡೇ. ಬರ್ಲಿನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಹಾಸ್ಟೆಲ್ ರೂಮು ಅಕ್ಟೋಬರ್ 1ರಿಂದ ಸಿಗುತ್ತದೆ, ಅದೇ ದಿನ ತಲುಪುತ್ತೇನೆ. ಪಾಠ ಶುರುವಾಗುವುದು ತಿಂಗಳ ಮಧ್ಯಕ್ಕೆ. ಜೊತೆಗೆ ಬರಬೇಕಿದ್ದ ಗೆಳತಿಯ ವೀಸಾ ತಡವಾಗಿರುವುದರಿಂದ ಹತ್ತು ಹನ್ನೆರಡು ದಿನ ನಾನೊಬ್ಬಳೇ. ಊರು ಸುತ್ತಬೇಕು ಅಂತ ಆಸೆ ಇದೆ. ಆದರೆ ಬೆಂಗಳೂರಿನಲ್ಲೇ ನಾನು ಒಬ್ಬಳೇ ಹೋಟೆಲಿಗೆ ಹೋಗಿ ಊಟ ಮಾಡಿದವಳಲ್ಲ. ಎಲ್ಲಿಂದ ಶುರು ಮಾಡಲಿ? ದಾರಿ ತಪ್ಪಿದರೆ? ಒಬ್ಬಳೇ ಓಡಾಡುವುದು ಕ್ಷೇಮವೇ? ಅಮ್ಮ ಬೇರೆ, ಮೊದಲ ಎರಡು ವಾರ ನಾನೂ ಬರ್ತೀನಿ ಅಂತಿದ್ದಾರೆ. ಕರ್ಕೊಂಡು ಹೋಗಲೇ? – ಹೆಸರು ಬೇಡ, ರಾಜಾಜಿನಗರ

ಉತ್ತರ: ಬ್ರಾಂಡೆನ್‌ಬರ್ಗ್ ಗೇಟು, ಟಿ.ವಿ. ಗೋಪುರ, ಮ್ಯೂಸಿಯಂಗಳು ಅಂತ ನೀವು ಈಗಾಗಲೇ ಒಂದು ಪಟ್ಟಿ ಮಾಡಿಕೊಂಡಿರುತ್ತೀರಿ. ಮೊದಲ ವಾರಕ್ಕೆ ಅದನ್ನು ಪಕ್ಕಕ್ಕಿಡಿ. ಎರಡು ವರ್ಷ ಅಲ್ಲೇ ಇರುತ್ತೀರಿ, ಗೇಟು ಎಲ್ಲೂ ಹೋಗುವುದಿಲ್ಲ. ಪ್ರವಾಸಿಗಳ ಜಾಗಕ್ಕೆ ಮೊದಲ ದಿನವೇ ಒಬ್ಬರೇ ಹೋದರೆ ಸುತ್ತ ಕಾಣುವುದು ಬರೀ ಜೋಡಿಗಳು, ಕುಟುಂಬಗಳು, ಗುಂಪುಗಳು. ಒಂದು ಫೋಟೊ ಬೇಕೆಂದರೂ ಯಾರನ್ನಾದರೂ ಕೇಳಬೇಕು. ಒಂಟಿ ಅನಿಸುವುದು ಅಲ್ಲೇ ಜಾಸ್ತಿ. ಅದೇ ಒಂದು ಬಕೆಟ್ ತರಲು ಹೊರಟು ನೋಡಿ. ಬಕೆಟ್ ತರಲು ಎಲ್ಲರೂ ಒಬ್ಬರೇ ಹೋಗುತ್ತಾರೆ.

ಹಾಗಾಗಿ ನಾನು ಹೇಳುವುದು ಇಷ್ಟೇ: ದಿನಕ್ಕೊಂದು ಸಣ್ಣ ಕೆಲಸ ಇಟ್ಟುಕೊಂಡು ಹೊರಡಿ. ಆ ಕೆಲಸ ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿ ಸುತ್ತಾಡಿ. ಕೆಲಸ ಇದ್ದಾಗ ಎತ್ತ ಹೋಗಲಿ ಅಂತ ಬೀದಿ ತುದಿಯಲ್ಲಿ ನಿಂತು ಯೋಚಿಸಬೇಕಿಲ್ಲ. ಎರಡು ಮಾತಾದರೂ ಆಡಲೇಬೇಕಾಗುತ್ತದೆ. ಸಂಜೆ ರೂಮಿಗೆ ಬಂದಾಗ ಒಂದು ಕೆಲಸ ಮುಗಿದಿರುತ್ತದೆ. ಅದೃಷ್ಟಕ್ಕೆ, ಹೊಸದಾಗಿ ಹೋದವರಿಗೆ ಬರ್ಲಿನ್ ಕೊಡುವಷ್ಟು ಕೆಲಸ ಇನ್ನಾವ ಊರೂ ಕೊಡುವುದಿಲ್ಲ!

ಮೊದಲ ದಿನದ ಕೆಲಸ ಅಂಗಡಿ. ಇದನ್ನು ಮುಂದೂಡಬೇಡಿ, ಯಾಕೆಂದರೆ ನೀವು ಇಳಿಯುವ ವಾರದಲ್ಲೇ ಒಂದು ಸಿಕ್ಕು ಇದೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮಾಲ್, ಸೂಪರ್ ಮಾರ್ಕೆಟ್ ಎಲ್ಲವೂ. ಅದರ ಮೇಲೆ ಅಕ್ಟೋಬರ್ 3 ರಾಷ್ಟ್ರೀಯ ರಜೆ. 1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದ ದಿನ ಅದು. ಅವತ್ತೂ ಬಾಗಿಲು ತೆರೆಯುವುದಿಲ್ಲ. 3ನೇ ತಾರೀಕು ಶನಿವಾರ ಬಿದ್ದರೆ ಎರಡು ದಿನ ಸತತ ಬಂದ್. ಬೀದಿ ಕೊನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಹಾಲು ಸಿಗುವ ಊರಿನಿಂದ ಹೋದವರಿಗೆ ಇದು ನಂಬೋಕೇ ಆಗುವುದಿಲ್ಲ. ತೀರಾ ಬೇಕೆಂದರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಅಂಗಡಿ ತೆರೆದಿರುತ್ತವೆ. ಸ್ಪೇಟಿ ಅಂತ ಕರೆಯುವ ಬೀದಿಬದಿ ಚಿಲ್ಲರೆ ಅಂಗಡಿಗಳೂ ಹಲವು ಕಡೆ ಸಿಗುತ್ತವೆ, ಬೆಲೆ ಜಾಸ್ತಿ. ಆದರೆ ಮೊದಲ ವಾರವೇ ಅವುಗಳ ಮೇಲೆ ಯಾಕೆ ನಂಬಿಕೆ ಇಡಬೇಕು? ಇಳಿದ ದಿನವೇ ಸ್ನಾನ ಮಾಡಿ, ಹತ್ತಿರದ ಆಲ್ಡಿ, ಲಿಡ್ಲ್, ರೇವೆ ಸೂಪರ್ ಮಾರ್ಕೆಟ್ ಯಾವುದಿದೆಯೋ ಅಲ್ಲಿಗೆ ನಡೆದು ಹೋಗಿ. ಚೀಲ ನಿಮ್ಮದೇ ಇರಲಿ.

ಅಲ್ಲಿ ಕ್ಯಾಷಿಯರ್ ಸಾಮಾನು ತಳ್ಳುವ ವೇಗಕ್ಕೆ ಗಾಬರಿಯಾಗಬೇಡಿ. ಎಲ್ಲವನ್ನೂ ಹಾಗೇ ಗಾಡಿಗೆ ಹಾಕಿಕೊಂಡು, ದುಡ್ಡು ಕೊಟ್ಟು, ಆಚೆ ನಿಂತು ಚೀಲಕ್ಕೆ ತುಂಬಿಕೊಳ್ಳಿ. ಬಹುತೇಕ ನೀರಿನ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗಳಿಗೆ, ಕ್ಯಾನುಗಳಿಗೆ 25 ಸೆಂಟ್ ಠೇವಣಿ ಸೇರಿಸಿ ಹಾಕುತ್ತಾರೆ. ಖಾಲಿಯಾದ ಮೇಲೆ ಅಂಗಡಿಯಲ್ಲೇ ಇರುವ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಅಂದಹಾಗೆ ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು, ಬಾಟಲಿ ನೀರು ಕೊಳ್ಳಲೇಬೇಕೆಂದಿಲ್ಲ. ಉಪ್ಪಿಟ್ಟಿಗೆ ರವೆ ಹುಡುಕುತ್ತೀರಾದರೆ ಪೊಟ್ಟಣದ ಮೇಲೆ ‘ಹಾರ್ಟ್‌ವೈತ್ಸೆನ್‌ಗ್ರೀಸ್’ ಅಂತ ಇರುವುದನ್ನು ತೆಗೆದುಕೊಳ್ಳಿ. ಪಕ್ಕದಲ್ಲೇ ಇರುವ ‘ವೈಷ್‌ವೈತ್ಸೆನ್‌ಗ್ರೀಸ್’ ತಂದರೆ ಉಪ್ಪಿಟ್ಟು ಮುದ್ದೆಯಾಗುತ್ತದೆ. ಕುಕ್ಕರ್ ಹೊತ್ತುಕೊಂಡು ಹೋಗುವವರಿಗೂ ಈ ಒಂದು ವಿಷಯ ಯಾರೂ ಹೇಳಿರುವುದಿಲ್ಲ.

ಹೊರಗೆ ಕಾಲಿಡುವ ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ಬಾಗಿಲು ಎಳೆಯುವ ಮುನ್ನ ಕೈಯಲ್ಲಿ ಕೀ ಇದೆಯೇ ನೋಡಿ. ಅಲ್ಲಿನ ಹೆಚ್ಚಿನ ಬಾಗಿಲುಗಳು ಮುಚ್ಚಿಕೊಂಡರೆ ಸಾಕು, ಹೊರಗಿನಿಂದ ಕೀ ಇಲ್ಲದೆ ತೆರೆಯುವುದಿಲ್ಲ. ನಮ್ಮಲ್ಲಾದರೆ ಪಕ್ಕದ ಮನೆಯಲ್ಲೊಂದು ಕೀ ಇರುತ್ತದೆ, ಇಲ್ಲವೇ ಅಮ್ಮ ಒಳಗೇ ಇರುತ್ತಾರೆ. ಅಲ್ಲಿ ರಾತ್ರಿಯೋ ಭಾನುವಾರವೋ ಬೀಗ ತೆಗೆಯುವವರನ್ನು ಕರೆಸಿದರೆ ನೂರಾರು ಯೂರೊ ಕೇಳುವವರಿದ್ದಾರೆ. ಹಾಸ್ಟೆಲ್ ನೋಡಿಕೊಳ್ಳುವವರ ನಂಬರನ್ನು ಫೋನಿನಲ್ಲೂ ಪರ್ಸಿನ ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಎರಡನೇ ದಿನ ದೂರ ಹೋಗಬೇಡಿ. ಹಾಸ್ಟೆಲ್ ಸುತ್ತ ಅರ್ಧ ಗಂಟೆ ನಡಿಗೆಯಷ್ಟು ಜಾಗವನ್ನು ನಿಮ್ಮದು ಮಾಡಿಕೊಳ್ಳಿ. ಔಷಧಿ ಅಂಗಡಿ ಎಲ್ಲಿದೆ ನೋಡಿಡಿ, ಕೆಂಪು ಬಣ್ಣದ ದೊಡ್ಡ ‘ಎ’ ಅಕ್ಷರದ ಬೋರ್ಡು ಇರುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುವುದು, ಸೋಪು ಶಾಂಪೂ ಮಾರುವ ಅಂಗಡಿಯಲ್ಲಿ ಸಿಗುವುದಿಲ್ಲ. ಹೋದ ದಾರಿಯಲ್ಲೇ ವಾಪಸ್ ಬನ್ನಿ. ಮರುದಿನ ಅದೇ ದಾರಿಯನ್ನು ಫೋನ್ ಜೇಬಿನಲ್ಲಿಟ್ಟು ಇನ್ನೊಮ್ಮೆ ನಡೆಯಿರಿ. ಇದು ಬೋರು ಅನಿಸಬಹುದು. ಆದರೆ ಮೊದಲ ಸಲ ಕಣ್ಣು ಬರೀ ಮ್ಯಾಪ್ ಮೇಲಿರುತ್ತದೆ, ಬೀದಿ ಕಾಣುವುದು ಎರಡನೇ ಸಲ. ಬೇಕರಿ, ಮರ, ಬಣ್ಣದ ಬಾಗಿಲು ಎಲ್ಲ ಆಗ ಗುರುತಾಗಿ ಉಳಿಯುತ್ತವೆ.

ದಾರಿ ತಪ್ಪುವ ಬಗ್ಗೆ ಕೇಳಿದ್ದೀರಿ. ತಪ್ಪುತ್ತೀರಿ, ಅದರಲ್ಲಿ ಅನುಮಾನ ಬೇಡ. ಅದಕ್ಕೆ ಕಾರಣ ನೀವೊಬ್ಬರೇ ಆಗಿರುವುದಿಲ್ಲ. ಬರ್ಲಿನ್‌ನ ಹಳೆಯ ಬೀದಿಗಳಲ್ಲಿ ಮನೆ ನಂಬರು ಒಂದು ಬದಿಯಲ್ಲಿ 1, 2, 3 ಅಂತ ಕೊನೆಯವರೆಗೂ ಹೋಗಿ, ಅಲ್ಲಿಂದ ತಿರುಗಿ ಎದುರು ಬದಿಯಲ್ಲಿ ವಾಪಸ್ ಬರುತ್ತದೆ. ಹಾಗಾಗಿ 5ನೇ ನಂಬರಿನ ಎದುರಿಗೆ 180 ಇರಬಹುದು! ಇನ್ನು ಕೆಲವು ಬೀದಿಗಳಲ್ಲಿ ಸಮ ಸಂಖ್ಯೆ ಒಂದು ಕಡೆ, ಬೆಸ ಸಂಖ್ಯೆ ಇನ್ನೊಂದು ಕಡೆ. ಬೀದಿ ಮೂಲೆಯ ಬೋರ್ಡಿನಲ್ಲಿ ಆ ತುಂಡಿನಲ್ಲಿ ಎಷ್ಟರಿಂದ ಎಷ್ಟು ನಂಬರಿದೆ ಅಂತ ಸಣ್ಣದಾಗಿ ಬರೆದಿರುತ್ತಾರೆ, ಅದನ್ನು ಓದುವ ರೂಢಿ ಮಾಡಿಕೊಳ್ಳಿ. ಕಟ್ಟಡ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಕರೆಗಂಟೆಯ ಮೇಲೆ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಮನೆಯವರ ಅಡ್ಡಹೆಸರು ಇರುತ್ತದೆ. ಇದನ್ನು ನಿಮ್ಮ ವಿಷಯಕ್ಕೂ ನೆನಪಿಡಿ. ನಿಮ್ಮ ಹೆಸರು ಅಂಚೆ ಡಬ್ಬಿಯ ಮೇಲೆ ಅಂಟಿಸುವವರೆಗೆ ಬ್ಯಾಂಕಿನ ಕಾರ್ಡು, ವಿಮೆಯ ಪತ್ರ ಯಾವುದೂ ಕೈ ಸೇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಅಪ್ಪನ ಹೆಸರು, ಇನಿಷಿಯಲ್ಲು ಅಂತ ನಮ್ಮ ಹೆಸರುಗಳದ್ದು ದೊಡ್ಡ ಗೋಜಲು, ಒಂದೇ ರೀತಿ ಇರಲಿ.

ಓಡಾಟ ತುಂಬಾ ಸುಲಭ. ಎರಡು ಮೂರು ವಿಷಯ ತಿಳಿದಿದ್ದರೆ ಸಾಕು. ಸ್ಟೇಷನ್ನುಗಳಲ್ಲಿ ನಮ್ಮ ಮೆಟ್ರೊದ ಹಾಗೆ ಗೇಟು ಇಲ್ಲ. ಯಾರೂ ತಡೆಯುವುದಿಲ್ಲ ಅಂತ ಸುಮ್ನೆ ಹತ್ತಬೇಡಿ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ 60 ಯೂರೊ ದಂಡ. ಕಾಗದದ ಟಿಕೆಟ್ ಕೊಂಡಿದ್ದರೆ ಪ್ಲಾಟ್‌ಫಾರಂನಲ್ಲಿರುವ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ಇಲ್ಲದ ಲೆಕ್ಕ. ‘ನಾನು ಹೊಸಬಳು’ ಅಂದರೆ ಅವರು ಕೇಳುವುದಿಲ್ಲ. ಊರನ್ನೂ ಅದರ ಸುತ್ತಲಿನ ಜಾಗವನ್ನೂ ಎ, ಬಿ, ಸಿ ಅಂತ ಮೂರು ವಲಯ ಮಾಡಿದ್ದಾರೆ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ, ಆದ್ದರಿಂದ ಇಳಿದ ದಿನ ಮೂರೂ ವಲಯ ಸೇರಿದ ಟಿಕೆಟ್ಟೇ ಬೇಕು. ರೈಲು ಬಂದು ನಿಂತರೂ ಬಾಗಿಲು ತೆರೆಯದಿದ್ದರೆ ಬಾಗಿಲ ಮೇಲಿನ ಗುಂಡಿ ಒತ್ತಿ. ವಿಶ್ವವಿದ್ಯಾಲಯದ ನೋಂದಣಿ ಪೂರ್ತಿಯಾದ ಮೇಲೆ ಸೆಮಿಸ್ಟರ್ ಟಿಕೆಟ್ ಬರುತ್ತದೆ. ಬರ್ಲಿನ್‌ನ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅದರ ದುಡ್ಡು ಸೆಮಿಸ್ಟರ್ ಫೀಸಿನಲ್ಲೇ ಸೇರಿರುತ್ತದೆ. ಅದು ಕೈಗೆ ಬಂದರೆ ಊರಿನ ಬಸ್ಸು, ರೈಲುಗಳಷ್ಟೇ ಅಲ್ಲ, ಇಡೀ ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲೂ ಓಡಾಡಬಹುದು. ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಒಂದು ದಿನ, ಮಳೆ ಬಂದರೆ ಇನ್ನೂ ಒಳ್ಳೆಯದು, ವರ್ತುಲ ರೈಲು ಹತ್ತಿ. ಎಸ್-41 ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಊರು ಸುತ್ತುತ್ತದೆ, ಎಸ್-42 ಎದುರು ದಿಕ್ಕಿನಲ್ಲಿ. ಸುಮಾರು 37 ಕಿ.ಮೀ., 27 ಸ್ಟೇಷನ್, ಪೂರ್ತಿ ಸುತ್ತಿಗೆ ಒಂದು ಗಂಟೆ. ಕಿಟಕಿ ಪಕ್ಕ ಕೂತರೆ ಬಂದರಿನ ಗೋದಾಮುಗಳು, ಜನ ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ ಪುಟ್ಟ ತೋಟಗಳು, ಹಳೆಯ ಕಾರ್ಖಾನೆಗಳು ಎಲ್ಲ ಸಾಲಾಗಿ ಬರುತ್ತವೆ. 2008ರಲ್ಲಿ ಮುಚ್ಚಿದ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಬಯಲೂ ಕಾಣುತ್ತದೆ. ಈಗ ಅದು ಪಾರ್ಕು, ವಿಮಾನ ಇಳಿಯುತ್ತಿದ್ದ ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಈ ಒಂದು ಗಂಟೆಯಲ್ಲಿ ಊರಿನ ಆಕಾರ ತಲೆಯಲ್ಲಿ ಕೂರುತ್ತದೆ. ಆಮೇಲೆ ಎಲ್ಲೇ ದಾರಿ ತಪ್ಪಿದರೂ ಈ ವರ್ತುಲದ ಯಾವುದಾದರೂ ಸ್ಟೇಷನ್ ತಲುಪಿದರೆ ಮನೆಗೆ ದಾರಿ ಸಿಕ್ಕಿತು ಅಂತಲೇ. ಊರೊಳಗೆ ನಡೆಯುವಾಗ ದಿಕ್ಕಿಗೆ 368 ಮೀಟರ್ ಎತ್ತರದ ಟಿ.ವಿ. ಗೋಪುರ ಇದ್ದೇ ಇದೆ.

ಇನ್ನು ಆ ಮೊದಲ ಎರಡು ವಾರದ ದೊಡ್ಡ ಕೆಲಸ, ವಿಳಾಸ ನೋಂದಣಿ. ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಯಲ್ಲಿ ನಿಮ್ಮ ವಿಳಾಸ ದಾಖಲಿಸಬೇಕು ಅಂತ ಕಾನೂನು. ಹಾಸ್ಟೆಲ್‌ನವರು ಕೊಡುವ ದೃಢೀಕರಣ ಪತ್ರ, ಪಾಸ್‌ಪೋರ್ಟ್ ಬೇಕು. ಮುಂದೆ ವಾಸದ ಪರವಾನಗಿ ಸೇರಿ ಹಲವು ಕೆಲಸಗಳು ಈ ಒಂದು ಕಾಗದ ಕೇಳುತ್ತವೆ. ಇದಕ್ಕೆ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು, ಅದು ಸಿಗುವುದೇ ಕಷ್ಟ. ಎಲ್ಲರೂ ತಮ್ಮ ಬಡಾವಣೆಯ ಕಚೇರಿಯನ್ನೇ ನೋಡುತ್ತಾ, ಸಿಗಲಿಲ್ಲ ಸಿಗಲಿಲ್ಲ ಅಂತ ಕೂರುತ್ತಾರೆ. ಆದರೆ ಬರ್ಲಿನ್‌ನ 12 ಜಿಲ್ಲೆಗಳಲ್ಲಿ ಯಾವ ಕಚೇರಿಗೆ ಬೇಕಾದರೂ ಹೋಗಬಹುದು. ಬೆಳಿಗ್ಗೆ ಬೇಗ ಎದ್ದು ಇಡೀ ಊರಿನ ಪಟ್ಟಿ ತೆರೆದು ನೋಡಿ. ದೂರದ ಸ್ಪಾಂಡೌ, ಕೋಪೆನಿಕ್ ಕಡೆ ಏನಾದರೂ ಕಂಡರೆ ತಕ್ಷಣ ಹಿಡಿಯಿರಿ. 14 ದಿನದೊಳಗೆ ಸಿಗದಿದ್ದರೆ ಸಿಕ್ಕ ದಿನಕ್ಕೇ ಕಾದಿರಿಸಿ, ಆ ದೃಢೀಕರಣವನ್ನು ಇಟ್ಟುಕೊಳ್ಳಿ.

ಅಷ್ಟು ದೂರ ಅಂತ ಬೇಸರ ಬೇಡ, ನಿಮ್ಮ ಪ್ರವಾಸ ಅದೇ. ಸ್ಪಾಂಡೌಗೆ ಹೋದರೆ ನೀರಿನ ನಡುವೆ ಕಟ್ಟಿದ ಹಳೆಯ ಕೋಟೆ ಇದೆ. ಕೋಪೆನಿಕ್ ಎರಡು ನದಿ ಕೂಡುವ ಜಾಗ, ದ್ವೀಪದ ಮೇಲೊಂದು ಅರಮನೆ. ಅಲ್ಲಿನ ಪುರಭವನದ ಮುಂದೆ ಸೈನ್ಯದ ಕ್ಯಾಪ್ಟನ್ ವೇಷದ ಒಂದು ಪ್ರತಿಮೆ ಇದೆ. ಅವನು ಕ್ಯಾಪ್ಟನ್ ಅಲ್ಲವೇ ಅಲ್ಲ, ವಿಲ್‌ಹೆಲ್ಮ್ ಫೋಗ್ಟ್ ಅನ್ನುವ ಚಪ್ಪಲಿ ಹೊಲಿಯುವವನು. ಜೈಲಿನಿಂದ ಹೊರಬಂದವನಿಗೆ ಊರಲ್ಲಿ ಇರಲು ಅನುಮತಿ ಸಿಗದೆ ಅಲೆದಿದ್ದ. 1906ರಲ್ಲಿ ಹಳೆಯ ಸಮವಸ್ತ್ರ ಕೊಂಡು ತೊಟ್ಟು, ಬೀದಿಯಲ್ಲಿ ಸಿಕ್ಕ ಸೈನಿಕರಿಗೆ ‘ನಡೀರಿ’ ಅಂದ. ಅವರೂ ನಡೆದರು! ಪುರಭವನಕ್ಕೆ ನುಗ್ಗಿ, ಮೇಯರನ್ನು ಬಂಧಿಸಿ, ಖಜಾನೆಯ ದುಡ್ಡು ತೆಗೆದುಕೊಂಡು ಹೋದ. ಕೊನೆಗೆ ಸಿಕ್ಕಿಬಿದ್ದ, ಆದರೆ ಊರಿಗೆ ಊರೇ ನಕ್ಕಿತು. 1908ರಲ್ಲಿ ಚಕ್ರವರ್ತಿಯೇ ಕ್ಷಮಾದಾನ ಕೊಟ್ಟ. ಕಾಗದಪತ್ರಕ್ಕೆ ಅಲೆದು ಸುಸ್ತಾದ ದಿನ ಆ ಪ್ರತಿಮೆ ನೋಡಿದರೆ ನಿಮಗೂ ಸ್ವಲ್ಪ ನಗು ಬರಬಹುದು.

ನೋಂದಣಿ ಒಂದು ಉದಾಹರಣೆ ಅಷ್ಟೆ. ತರಕಾರಿ ಬೇಕೇ? ಮಂಗಳವಾರ ಅಥವಾ ಶುಕ್ರವಾರ ಮೈಬಾಖ್‌ಊಫರ್ ಕಾಲುವೆ ದಂಡೆಯ ತುರ್ಕಿ ಸಂತೆಗೆ ಹೋಗಿ. ಕೊತ್ತಂಬರಿ ಕಟ್ಟು, ಬದನೆಕಾಯಿ, ಕೂಗಿ ಕರೆಯುವ ವ್ಯಾಪಾರಿಗಳು – ಇಡೀ ವಾರ ಪಿಸುಮಾತಿನ ಊರಲ್ಲಿದ್ದ ಕಿವಿಗೆ ಹಿತವಾಗುತ್ತದೆ. ನವರಾತ್ರಿ ಆ ದಿನಗಳಲ್ಲೇ ಬಂದು, ಮನೆಯ ಬೊಂಬೆ ಕೂರಿಸಿದ ಫೋಟೊಗಳು ಫೋನಿಗೆ ಬಂದು ಮನಸ್ಸು ಕೆಟ್ಟರೆ, ಬ್ರಿಟ್ಸ್ ಕಡೆ ಶ್ರೀಲಂಕಾದ ತಮಿಳರು ಕಟ್ಟಿಕೊಂಡ ಮುರುಗನ್ ದೇವಸ್ಥಾನ ಇದೆ. ಅಲ್ಲಿಗೆ ಹೋಗುವುದೂ ಒಂದು ಕೆಲಸವೇ.

ಭಾನುವಾರ ಮಾತ್ರ ಕೆಲಸ ಹುಟ್ಟುವುದಿಲ್ಲ, ಅಂಗಡಿ ಕಚೇರಿ ಎಲ್ಲ ಬಂದ್. ಬೀದಿಗಳು ಎಷ್ಟು ಖಾಲಿ ಇರುತ್ತವೆ ಅಂದರೆ ಬೆಂಗಳೂರಿನವರಿಗೆ ಏನೋ ಗಲಾಟೆ ಆಗಿದೆ ಅನಿಸುತ್ತದೆ. ಸುಮಾರು 890 ಚದರ ಕಿ.ಮೀ. ಊರಿನಲ್ಲಿ ನಮ್ಮ ಅರ್ಧದಷ್ಟೂ ಜನ ಇಲ್ಲ. ಖಾಲಿ ಬೀದಿ ಅಲ್ಲಿ ಮಾಮೂಲಿ. ಹಾಗಾಗಿ ಮೊದಲೇ ಹೇಳಿದ ಪಟ್ಟಿಯಲ್ಲಿ ಒಂದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ನನ್ನ ಆಯ್ಕೆ, ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳ ನಡುವೆ ಇದ್ದ ಗೋಡೆ. 1961ರ ಆಗಸ್ಟ್ 13ರಂದು ಏಳತೊಡಗಿ 1989ರ ನವೆಂಬರ್ 9ರಂದು ಬಿದ್ದ ಗೋಡೆಯ ಗುರುತನ್ನು ಊರ ನಡುವೆ ರಸ್ತೆಯಲ್ಲೇ ಎರಡು ಸಾಲು ಕಲ್ಲು ಹಾಸಿ ಉಳಿಸಿದ್ದಾರೆ. ಸಂಸತ್ ಭವನದ ಬಳಿ ಆ ಸಾಲು ಹಿಡಿದರೆ ಬ್ರಾಂಡೆನ್‌ಬರ್ಗ್ ಗೇಟು, ಪಾಟ್ಸ್‌ಡಾಮರ್ ಪ್ಲಾಟ್ಸ್, ಅಲ್ಲಿಂದ ನಾಜಿ ಪೊಲೀಸರ ಕೇಂದ್ರ ಕಚೇರಿಯಿದ್ದ ಜಾಗದ ಪ್ರದರ್ಶನದವರೆಗೆ ನಡೆಯಬಹುದು. ಪ್ರದರ್ಶನ ಉಚಿತ, ಪಕ್ಕದಲ್ಲೇ ಗೋಡೆಯ ಒಂದು ನಿಜವಾದ ತುಂಡೂ ನಿಂತಿದೆ. ನಾಜಿಗಳು ಕೊಂದ ಯಹೂದಿಗಳ ಸ್ಮಾರಕ ದಾರಿಯಲ್ಲೇ ಸಿಗುತ್ತದೆ, 2,711 ಕಾಂಕ್ರೀಟ್ ದಿಮ್ಮಿಗಳು. ದಯವಿಟ್ಟು ಅವುಗಳ ಮೇಲೆ ಹತ್ತಿ ಸೆಲ್ಫಿ ತೆಗೆಯಬೇಡಿ. ನಮ್ಮ ಹುಡುಗ ಹುಡುಗಿಯರು ಅಲ್ಲಿ ಪೋಸು ಕೊಟ್ಟ ಫೋಟೊ ನೋಡಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ.

ಇನ್ನೊಂದು ಭಾನುವಾರಕ್ಕೆ ನಾರ್ಡ್‌ಬಾನ್‌ಹೋಫ್ ಸ್ಟೇಷನ್ನಿಗೆ ಹೋಗಿ. ಊರು ಎರಡಾಗಿದ್ದಾಗ ಪಶ್ಚಿಮದ ಕೆಲವು ರೈಲುಗಳು ಪೂರ್ವದ ಕೆಳಗೆ ಹಾದು ಮತ್ತೆ ಪಶ್ಚಿಮಕ್ಕೆ ಹೋಗುತ್ತಿದ್ದವು. ನಡುವಿನ ಸ್ಟೇಷನ್ನುಗಳಲ್ಲಿ ಮಂಕು ದೀಪ, ಕಾವಲುಗಾರರು, ರೈಲು ನಿಲ್ಲದೆ ನಿಧಾನಕ್ಕೆ ಸಾಗುತ್ತಿತ್ತು. ಅಂಥ ಒಂದು ಸ್ಟೇಷನ್ ಇದು. ಒಳಗೆ ಅದರ ಬಗ್ಗೆಯೇ ಪ್ರದರ್ಶನ ಇದೆ, ಹೊರಗೆ ಬಂದರೆ ಬೆರ್ನಾವರ್ ಬೀದಿಯುದ್ದಕ್ಕೂ ಬಯಲು ಸ್ಮಾರಕ. ಇಂಥ ಜಾಗಗಳಿಗೆ ಒಬ್ಬರೇ ಹೋಗುವುದೇ ಒಳ್ಳೆಯದು, ಜೊತೆಯಲ್ಲಿ ಯಾರಾದರೂ ಇದ್ದರೆ ಓದುವುದು ಬಿಟ್ಟು ಮಾತಾಡುತ್ತಾ ಹೋಗಿಬಿಡುತ್ತೇವೆ. ದುಬಾರಿ ಮ್ಯೂಸಿಯಂಗಳನ್ನು ವಿದ್ಯಾರ್ಥಿ ಗುರುತಿನ ಚೀಟಿ ಬಂದ ಮೇಲೆ ನೋಡಿ, ಟಿಕೆಟ್ ದರ ಇಳಿಯುತ್ತದೆ. ಪೆರ್ಗಮಾನ್ ಮ್ಯೂಸಿಯಂ ದೊಡ್ಡ ದುರಸ್ತಿಗಾಗಿ 2023ರ ಅಕ್ಟೋಬರಿನಲ್ಲಿ ಪೂರ್ತಿ ಮುಚ್ಚಿತು. ಅದರ ಆಸೆ ಇದ್ದರೆ ಹೊರಡುವ ಮೊದಲು ತೆರೆದಿದೆಯೇ ನೋಡಿಕೊಳ್ಳಿ.

ಒಬ್ಬಳೇ ಊಟ ಮಾಡುವ ಸಂಕೋಚದ ಬಗ್ಗೆ ಬರೆದಿದ್ದೀರಿ. ದರ್ಶಿನಿಯಲ್ಲಿ ಒಬ್ಬರೇ ನಿಂತು ಖಾಲಿ ದೋಸೆ ತಿನ್ನುವವರನ್ನು ನೋಡಿ ನೀವು ಎಂದಾದರೂ ಅಯ್ಯೋ ಪಾಪ ಅಂದುಕೊಂಡಿದ್ದೀರಾ? ಇಲ್ಲ ಅಲ್ವಾ. ಬರ್ಲಿನ್‌ನ ಫಲಾಫೆಲ್ (ಕಾಬೂಲಿ ಕಡಲೆಯ ವಡೆ) ಅಂಗಡಿಗಳ ಮುಂದಿನ ಎತ್ತರದ ಟೇಬಲ್ಲುಗಳೂ ಹಾಗೇ. ನಿಂತು, ತಿಂದು, ಹೋಗುತ್ತಾರೆ. ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಅರ್ಧಕ್ಕರ್ಧ ಜನ ಒಬ್ಬರೇ ಕೂತಿರುತ್ತಾರೆ, ಸಸ್ಯಾಹಾರವೂ ಧಾರಾಳವಾಗಿ ಸಿಗುತ್ತದೆ. ನೀವು ಮೊಟ್ಟೆ ತಿನ್ನದವರಾದರೆ ‘ವೆಜಿಟೇರಿಯನ್’ ಗುರುತನ್ನು ನಂಬಬೇಡಿ, ಅದರಲ್ಲಿ ಮೊಟ್ಟೆ ಇರಬಹುದು. ‘ವೀಗನ್’ ಗುರುತು ನೋಡಿ ತೆಗೆದುಕೊಂಡರೆ ಚಿಂತೆ ಇಲ್ಲ. ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯ. ಕಾರ್ಡು ತೆಗೆದುಕೊಳ್ಳದ ಸಣ್ಣ ಅಂಗಡಿಗಳು ಇನ್ನೂ ಇವೆ, 20 ಯೂರೊ ನಗದು ಯಾವಾಗಲೂ ಇರಲಿ.

ಇದಕ್ಕೆಲ್ಲ ಇಲ್ಲೇ ಒಂದೆರಡು ಭಾನುವಾರ ಅಭ್ಯಾಸ ಮಾಡಿ. ನಿಮ್ಮದು ರಾಜಾಜಿನಗರ. ಬೆಳಿಗ್ಗೆ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ವೈಟ್‌ಫೀಲ್ಡ್ ಕೊನೆಯವರೆಗೆ ಹೋಗಿ ಬನ್ನಿ. ಇನ್ನೊಂದು ದಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಹಣ್ಣು ತನ್ನಿ. ಮಾವಳ್ಳಿಯ ಎಂ.ಟಿ.ಆರ್‌ನಲ್ಲಿ ಒಬ್ಬರೇ ಕೂತು ತಿಂಡಿ ತಿನ್ನಿ. ರಶ್ ಇದ್ದಾಗ ಗುರುತಿಲ್ಲದವರ ಟೇಬಲ್ಲಿಗೇ ಕೂರಿಸುತ್ತಾರೆ, ನಿಮಗೆ ಬೇಕಾದ ಅಭ್ಯಾಸ ಅದೇ. ಯಾರಿಗೂ ಫೋನ್ ಮಾಡಬೇಡಿ, ಗೆಳತಿಯನ್ನು ಕರೆಯಬೇಡಿ. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲು ಸಮಯ ಇದ್ದರೆ ಕಲಿಯಿರಿ. ಇಲ್ಲದಿದ್ದರೆ ನಮಸ್ಕಾರ, ದಯವಿಟ್ಟು, ಥ್ಯಾಂಕ್ಸ್, ‘ಇಂಗ್ಲಿಷ್ ಬರುತ್ತದಾ’ – ಇಷ್ಟನ್ನಾದರೂ ಬಾಯಿಪಾಠ ಮಾಡಿ.

ಕ್ಷೇಮದ ವಿಷಯ. ಬರ್ಲಿನ್‌ನಲ್ಲಿ ಹೆಣ್ಣುಮಕ್ಕಳು ರಾತ್ರಿ ಒಬ್ಬರೇ ರೈಲಿನಲ್ಲಿ ಓಡಾಡುವುದು ಸಾಮಾನ್ಯ ದೃಶ್ಯ. ಶುಕ್ರವಾರ, ಶನಿವಾರ ರಾತ್ರಿ ಭೂಗತ ರೈಲು ಬೆಳಗಿನವರೆಗೂ ಓಡುತ್ತದೆ. ಹಾಗಂತ ಎಲ್ಲ ಜಾಗವೂ ಒಂದೇ ಅಲ್ಲ. ಗೋರ್ಲಿಟ್ಸರ್ ಪಾರ್ಕು, ಕಾಟ್‌ಬುಸ್ಸರ್ ಟೋರ್ ಸ್ಟೇಷನ್ ಸುತ್ತಮುತ್ತ ಮಾದಕ ವಸ್ತು ಮಾರುವವರು ಇರುತ್ತಾರೆ, ಹಗಲು ನೋಡಿ, ತಡರಾತ್ರಿ ಬೇಡ. ಅಲೆಕ್ಸಾಂಡರ್‌ಪ್ಲಾಟ್ಸ್‌ನಂಥ ರಶ್ ಜಾಗದಲ್ಲಿ, ರೈಲು ಹತ್ತುವ ನೂಕುನುಗ್ಗಲಲ್ಲಿ ಜೇಬುಗಳ್ಳರಿದ್ದಾರೆ. ಪ್ರವಾಸಿ ಜಾಗಗಳಲ್ಲಿ ಕೈಗೆ ಹಾಳೆ ಕೊಟ್ಟು ‘ಸಹಿ ಹಾಕಿ’ ಅನ್ನುವವರ ಬಳಿ, ಲೋಟದ ಕೆಳಗೆ ಚೆಂಡು ಹುಡುಕಿಸುವವರ ಬಳಿ ನಿಲ್ಲಲೇಬೇಡಿ. ಯಾರಾದರೂ ಬಣ್ಣ ನೋಡಿ ಕೆಟ್ಟ ಮಾತಾಡಿದರೆ, ಅಪರೂಪಕ್ಕೆ ಹಾಗೂ ಆಗುತ್ತದೆ, ವಾದಕ್ಕೆ ನಿಲ್ಲದೆ ಜನ ಇರುವ ಬೋಗಿಗೆ ಹೋಗಿ. ಪೊಲೀಸ್ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 112. ತುರ್ತಲ್ಲದ ಕಾಯಿಲೆಗೆ ರಾತ್ರಿ, ರಜಾ ದಿನ ವೈದ್ಯರ ಸಲಹೆ ಬೇಕಿದ್ದರೆ 116117. ಆದರೆ ಕಳ್ಳರಿಗಿಂತ, ಕೆಟ್ಟ ಮಾತಾಡುವವರಿಗಿಂತ ಜಾಸ್ತಿ ಸಲ ನಿಮಗೆ ಅಪಾಯ ತರುವುದು ಸೈಕಲ್ಲು! ಫುಟ್‌ಪಾತ್ ಪಕ್ಕದ ಸೈಕಲ್ ದಾರಿಯಲ್ಲಿ ನಿಂತು ಮ್ಯಾಪ್ ನೋಡಬೇಡಿ, ಅವರು ನಿಧಾನ ಮಾಡುವುದಿಲ್ಲ.

ಮನೆಯಲ್ಲಿ ಒಂದು ನಿಯಮ ಇದ್ದೇ ಇರುತ್ತದೆ, ಕತ್ತಲಾಗುವ ಮೊದಲು ಮನೆ ಸೇರಬೇಕು ಅಂತ. ಬೆಂಗಳೂರಿನಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕತ್ತಲಾಗುವುದರಿಂದ ಇಲ್ಲಿ ಅದು ನಡೆಯುತ್ತದೆ. ಅಲ್ಲಿ ಅಕ್ಟೋಬರ್ ಶುರುವಿನಲ್ಲಿ ಸೂರ್ಯ ಮುಳುಗುವುದು 6.40ರ ಸುಮಾರಿಗೆ. ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಆಗ 4.40ಕ್ಕೇ ಮುಳುಗುತ್ತದೆ. ಡಿಸೆಂಬರಿನಲ್ಲಿ 4 ಗಂಟೆಗೂ ಮುಂಚೆ. ಪಾಠವೇ ಕತ್ತಲಲ್ಲಿ ಮುಗಿಯುತ್ತದೆ! ಕತ್ತಲಿನ ಬದಲು ಗಂಟೆಯ ಲೆಕ್ಕ ಇಟ್ಟುಕೊಳ್ಳೋಣ ಅಂತ ಅಮ್ಮನಿಗೆ ಹೊರಡುವ ಮೊದಲೇ ಹೇಳಿಡಿ. ಮೊದಲ ವಾರ ರಾತ್ರಿ 8, ಆಮೇಲೆ ನೋಡೋಣ ಅನ್ನಿ.

ಫೋನಿಗೂ ಒಂದು ಹೊತ್ತು ಗೊತ್ತು ಮಾಡಿ. ಅಕ್ಟೋಬರಿನಲ್ಲಿ ಅಲ್ಲಿ ಸಂಜೆ 5 ಆದರೆ ಇಲ್ಲಿ ರಾತ್ರಿ 8.30. ಗಡಿಯಾರ ಬದಲಾದ ಮೇಲೆ 9.30. ನಡೆಯುವಾಗೆಲ್ಲ ವಿಡಿಯೊ ಕಾಲ್ ಮಾಡಿ ಬೀದಿ ತೋರಿಸುತ್ತಾ ಹೋಗಬೇಡಿ. ಕಾಲು ಬರ್ಲಿನ್‌ನಲ್ಲಿ, ಮಾತು ರಾಜಾಜಿನಗರದಲ್ಲಿ ಆದರೆ ಆ ಊರು ನಿಮಗೆ ಹತ್ತುವುದೇ ಇಲ್ಲ. ಲೊಕೇಶನ್ ಹಂಚಿಕೊಳ್ಳಿ, ದಿನಕ್ಕೊಂದು ಸಲ ಮನಸಾರೆ ಮಾತಾಡಿ. ಸಾಮಾನ್ಯವಾಗಿ ಮೊದಲ ಗಡಿಬಿಡಿ ಮುಗಿದ ಮೇಲೆ, ನಾಲ್ಕನೆಯದೋ ಐದನೆಯದೋ ದಿನ ಸಂಜೆ ಇದ್ದಕ್ಕಿದ್ದಂತೆ ಅಳು ಬರುತ್ತದೆ. ನಾನು ತಪ್ಪು ಮಾಡಿದೆನಾ, ವಾಪಸ್ ಹೋಗಿಬಿಡಲಾ ಅನಿಸುತ್ತದೆ. ನನ್ನ ಬಳಿ ಬರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಇದನ್ನೇ ಹೇಳಿದ್ದಾರೆ. ಆ ಸಂಜೆ ಯಾವ ತೀರ್ಮಾನವನ್ನೂ ಮಾಡಬೇಡಿ. ಅನ್ನ ಸಾರು ಮಾಡಿ ತಿಂದು ಮಲಗಿ. ಅಕ್ಟೋಬರ್ ಮೊದಲ ಎರಡು ವಾರದಲ್ಲಿ ವಿಶ್ವವಿದ್ಯಾಲಯಗಳು ಹೊಸಬರಿಗಾಗಿ ಪರಿಚಯ ಕಾರ್ಯಕ್ರಮ ಇಡುತ್ತವೆ, ಅದಕ್ಕೆ ಇಲ್ಲಿಂದಲೇ ಹೆಸರು ಕೊಡಿ. ಅಲ್ಲಿನ ಕನ್ನಡಿಗರ ಗುಂಪು ಸಿಕ್ಕರೆ ಸೇರಿಕೊಳ್ಳಿ, ತುಂಬಾ ಸಹಾಯ ಮಾಡುತ್ತಾರೆ. ಆದರೆ ಮೊದಲ ವಾರವೇ ಪ್ರತಿ ದಿನ ಅವರ ಬೆನ್ನಿಗೆ ಬಿದ್ದರೆ ಊರು ಗುರುತಾಗುವುದು ಅವರಿಗೆ, ನಿಮಗಲ್ಲ.

ಕೊನೆಯದಾಗಿ ಅಮ್ಮ. ಈಗ ಬೇಡ. ಹೆಚ್ಚಿನ ಹಾಸ್ಟೆಲ್ ರೂಮುಗಳು ಒಬ್ಬರಿಗೆ ಮಾತ್ರ, ಎರಡು ವಾರ ಇನ್ನೊಬ್ಬರನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹೊರಗೆ ರೂಮು ಹಿಡಿದರೆ ನೀವು ಅಲ್ಲಿಗೆ ಹೋಗಿ ಮಲಗುತ್ತೀರಿ, ನಿಮ್ಮ ಹಾಸ್ಟೆಲ್ ಪರಿಚಯವಾಗುವುದು ಅಮ್ಮ ವಿಮಾನ ಹತ್ತಿದ ಮೇಲೆ. ಆಗ ಒಂಟಿತನ ಇನ್ನೂ ಜಾಸ್ತಿ. ಅವರನ್ನು ಮುಂದಿನ ಮೇ, ಜೂನ್‌ನಲ್ಲಿ ಕರೆಸಿಕೊಳ್ಳಿ. ರಾತ್ರಿ 9ರವರೆಗೂ ಬೆಳಕಿರುತ್ತದೆ, ಚಳಿ ಇರುವುದಿಲ್ಲ, ಊರು ತೋರಿಸಲು ನಿಮಗೂ ಬರುತ್ತದೆ. ಅವರಿಗೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇಕಾಗುತ್ತದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಗೆ ಅರ್ಜಿ ಹಾಕುವವರು ಜಾಸ್ತಿ, ಹಾಗಾಗಿ ಜನವರಿ ಹೊತ್ತಿಗೇ ಅಪಾಯಿಂಟ್‌ಮೆಂಟ್ ಹುಡುಕಲು ಅವರಿಗೆ ಹೇಳಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅದನ್ನು ನೀವು ಹೊರಡುವ ಮೊದಲೇ ಮಾಡಿಸಿಕೊಟ್ಟು ಹೋಗಿ.